ಹಿಡಿದು ಬಿಟ್ಟರೆ ಅಹಿಂಸೆಯೆ?

ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳ ದಂಡೆಯಲ್ಲಿ ಮುಂಜಾನೆ ನಡೆದಾಡುವವರಿಗೆ ಎರಡು ಬಗೆಯ ದೃಶ್ಯಗಳು ಅಪರಿಚಿತವಲ್ಲ. ಗುತ್ತಿಗೆ ಪಡೆದ ಬೆಸ್ತನೊಬ್ಬನು ತೆಪ್ಪದಲ್ಲಿ ಕುಳಿತು ಬಲೆ ಎಳೆಯುವುದು ಒಂದು. ರಜೆಯ ದಿನ ಕಾಲಹರಣಕ್ಕೆಂದು ಬಂದವರು ದಂಡೆಯ ಮೇಲೆ ಗಾಳದ ಕೋಲು ಹಿಡಿದು ಕುಳಿತುಕೊಳ್ಳುವುದು ಇನ್ನೊಂದು. ಮೊದಲನೆಯವನನ್ನು ಕಂಡಾಗ ಶ್ರಾವಕನ ಮುಖ ಸಹಜವಾಗಿ ಬೇರೆಡೆಗೆ ತಿರುಗುತ್ತದೆ. ಎರಡನೆಯವರನ್ನು ಕಂಡಾಗ ಅಷ್ಟು ಬೇಸರವಾಗುವುದಿಲ್ಲ. ಅದು ಆಟವೆಂದು ತೋರುತ್ತದೆ. ಈ ಎರಡು ಭಾವನೆಗಳು ಧರ್ಮದ ತಕ್ಕಡಿಯಲ್ಲಿ ನಿಲ್ಲುತ್ತವೆಯೆ ಎಂಬುದು ವಿಚಾರಮಾಡತಕ್ಕ ಸಂಗತಿ.

ಈ ಪ್ರಶ್ನೆ ಇಂದು ಜೈನ ಮನೆಗಳ ಹೊಸ್ತಿಲಿಗೂ ಬಂದಿದೆ. ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವ ಯುವಕನನ್ನು ಸಹೋದ್ಯೋಗಿಗಳು ನದೀತೀರದ ವಿಹಾರಕ್ಕೆ ಕರೆಯುತ್ತಾರೆಂದು ಭಾವಿಸಬಹುದು. ಅಲ್ಲಿ ಗಾಳ ಹಾಕಿ ಮೀನು ಹಿಡಿಯುವುದು, ಅಳೆಯುವುದು, ಛಾಯಾಚಿತ್ರ ತೆಗೆಯುವುದು, ಮರಳಿ ನೀರಿಗೆ ಬಿಡುವುದು ಕಾರ್ಯಕ್ರಮ. ಅವನು ತಂದೆಯನ್ನು ಕೇಳುತ್ತಾನೆ: "ಅಪ್ಪಾಜಿ, ಯಾರೂ ಕೊಲ್ಲುವುದಿಲ್ಲ, ಯಾರೂ ತಿನ್ನುವುದಿಲ್ಲ, ಸರ್ಕಾರದ ಅನುಮತಿಯೂ ಇರುತ್ತದೆ. ಇದರಲ್ಲಿ ದೋಷವೆಲ್ಲಿ?" ಪ್ರಶ್ನೆ ಪ್ರಾಮಾಣಿಕವಾದುದು. "ನಮ್ಮಲ್ಲಿ ಹಾಗೆ ಮಾಡುವುದಿಲ್ಲ" ಎಂಬ ಒಂದೇ ಮಾತಿನಿಂದ ಅದಕ್ಕೆ ಉತ್ತರವಾಗದು.

ಮೊದಲು ಅನುಮತಿಯ ವಿಷಯ. ಮೀನುಗಾರಿಕೆಯನ್ನು ಕುರಿತ ಕಾನೂನು ನಮ್ಮ ದೇಶಕ್ಕೆ ಹೊಸದಲ್ಲ. 1897ರ ಭಾರತೀಯ ಮೀನುಗಾರಿಕಾ ಅಧಿನಿಯಮವು ನೀರಿನಲ್ಲಿ ಸಿಡಿಮದ್ದು ಹಾರಿಸಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಬಲೆಯ ಅಳತೆ, ಬಗೆ, ಬಳಸುವ ಕ್ರಮಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನೂ, ಗೊತ್ತಾದ ನೀರಿನಲ್ಲಿ ಕೆಲಕಾಲ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ಕರ್ನಾಟಕದಲ್ಲಿ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವು ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಎಂಬ ಮೂರು ಉದ್ದೇಶಗಳನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಪರವಾನಗಿ, ಗುತ್ತಿಗೆ ಮುಂತಾದ ವ್ಯವಸ್ಥೆಗಳು ಇಂತಹ ಕಾನೂನುಗಳಿಂದ ಬಂದವು. ಇವೆಲ್ಲವೂ ಆವಶ್ಯಕವಾದವು. ಆದರೆ ಇವುಗಳ ದೃಷ್ಟಿ ಮೀನಿನ ಸಂತತಿಯ ಮೇಲಿದೆ. ಇಂದು ಹಿಡಿದರೂ ನಾಳೆಗೆ ಉಳಿಯಬೇಕೆಂಬುದು ಅವುಗಳ ಕಾಳಜಿ. ಗಾಳಕ್ಕೆ ಸಿಕ್ಕಿದ ಆ ಒಂದು ಜೀವ ಏನನ್ನು ಅನುಭವಿಸಿತು ಎಂಬ ಪ್ರಶ್ನೆಯನ್ನು ಪರವಾನಗಿಯ ಕಾಗದ ಕೇಳುವುದಿಲ್ಲ. ಧರ್ಮದ ಪ್ರಶ್ನೆ ಆರಂಭವಾಗುವುದು ಅಲ್ಲಿಂದಲೇ.

ಹಿಡಿದು ಬಿಡುವ ವಿನೋದವು ನಮ್ಮ ನಾಡಿನಲ್ಲಿ ನಡೆದು ನಿಂತ ಬಗೆಯೂ ತಿಳಿಯತಕ್ಕದ್ದು. ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಗೆ ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿ ಕೆರೆ ಕಟ್ಟಿ, 19ನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ತರಲಾಯಿತು. ಅದೇ ಅರ್ಕಾವತಿ ದಕ್ಷಿಣಕ್ಕೆ ಸಾಗಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಪ್ರದೇಶದ ಕಾವೇರಿಯ ದಂಡೆಯಲ್ಲಿ ಗಾಲಿಬೋರೆ, ದೊಡ್ಡಮಾಕಳಿ, ಭೀಮೇಶ್ವರಿ ಎಂಬ ಸ್ಥಳಗಳಿವೆ. ಡುಬ್ಬದ ಬೆನ್ನಿನ ಮಹಶೀರ್ ಎಂಬ ಬೃಹತ್ ಮೀನಿಗಾಗಿ ದೇಶವಿದೇಶಗಳ ಹವ್ಯಾಸಿಗಳು ಅಲ್ಲಿಗೆ ಬರುತ್ತಿದ್ದರು. ರಾಗಿಯ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಮೀನು ದಣಿಯುವವರೆಗೆ ಅದರೊಡನೆ ಸೆಣಸಿ, ದಡಕ್ಕೆ ತಂದು ತೂಕ ಬರೆದುಕೊಂಡು ಬಿಟ್ಟುಬಿಡುವುದು ಅಲ್ಲಿನ ಕಟ್ಟಳೆ. ಆ ಪ್ರದೇಶ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆಯೆಂಬ ಪದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ಸೆರೆಹಿಡಿಯುವುದು, ಬಲೆಗೆ ಕೆಡಹುವುದು, ಎರೆ ಒಡ್ಡುವುದು ಸಹ ಅದರಲ್ಲಿ ಅಡಕವಾಗಿವೆ. ಈ ವಿಚಾರ ಮುಂದೆ ಬಂದು, 2012ರ ಹೊತ್ತಿಗೆ ಅಲ್ಲಿನ ಗಾಳದ ವಿಹಾರ ನಿಂತುಹೋಯಿತು.

ಅನೇಕಾಂತವನ್ನು ಒಪ್ಪಿದವರು ಎದುರು ಪಕ್ಷದ ಮಾತನ್ನೂ ಪೂರ್ತಿಯಾಗಿ ಕೇಳಬೇಕು. ಹವ್ಯಾಸಿಗಳು ಕೊಟ್ಟ ಹಣದಿಂದ ನದಿಗೆ ಕಾವಲಿತ್ತು, ಸ್ಥಳೀಯರಿಗೆ ಸಂಬಳವಿತ್ತು, ಸಿಡಿಮದ್ದಿನಿಂದ ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತು ಎಂದು ಅವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಅವರು ಬರೆದಿಟ್ಟ ಲೆಕ್ಕಗಳಿಂದಲೇ ಡುಬ್ಬದ ಮಹಶೀರ್ ಅಳಿಯುತ್ತಿದೆಯೆಂಬುದು ವಿಜ್ಞಾನಿಗಳಿಗೆ ಖಚಿತವಾಯಿತು. 2018ರಲ್ಲಿ ಆ ಮೀನು ಅತ್ಯಂತ ಅಪಾಯಸ್ಥಿತಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಆದರೆ ಅದೇ ಸತ್ಯಕ್ಕೆ ಇನ್ನೊಂದು ಮುಖವೂ ಇದೆ. ನದಿಯಲ್ಲಿ ಮೀನು ಹೆಚ್ಚಲೆಂದು ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟದ್ದು ಮೂಲನಿವಾಸಿ ಮೀನಿನ ಅವನತಿಗೆ ಮುಖ್ಯ ಕಾರಣವೆಂದು ಅದೇ ಅಧ್ಯಯನಕಾರರು ಎಣಿಸುತ್ತಾರೆ. ಸದುದ್ದೇಶವಿದ್ದರೂ ವಿವೇಕವಿಲ್ಲದಿದ್ದರೆ ದಯೆಯೂ ದಾರಿ ತಪ್ಪುತ್ತದೆ.

ಸ್ವಿಟ್ಸರ್ಲೆಂಡಿನ ಕಾನೂನನ್ನು ಇದರೊಡನೆ ಹೋಲಿಸಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿನ 2008ರ ಪ್ರಾಣಿರಕ್ಷಣಾ ನಿಯಮಾವಳಿಯು ಮರಳಿ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸುತ್ತದೆ. ಆಹಾರಕ್ಕಾಗಿ ಹಿಡಿಯುವುದಕ್ಕೆ ಅಲ್ಲಿ ಅವಕಾಶವಿದೆ. ಕೇವಲ ವಿನೋದಕ್ಕಾಗಿ ಜೀವಿಯನ್ನು ನೋಯಿಸಲು ಅವಕಾಶವಿಲ್ಲ. ಕಾವೇರಿಯ ಕಟ್ಟಳೆ "ಹಿಡಿ, ಕೊಲ್ಲಬೇಡ" ಎಂದಿತು. ಸ್ವಿಸ್ ನಿಯಮ "ತಿನ್ನುವ ಉದ್ದೇಶವಿಲ್ಲದಿದ್ದರೆ ಹಿಡಿಯಲೇಬೇಡ" ಎನ್ನುತ್ತದೆ. ಎರಡೂ ದಯೆಯ ಹೆಸರಿನಲ್ಲಿ ಹುಟ್ಟಿದವು, ಎರಡೂ ಪರಸ್ಪರ ವಿರುದ್ಧ. ಮೊದಲನೆಯದು ಸಾವನ್ನು ಎಣಿಸಿತು, ಎರಡನೆಯದು ನೋವನ್ನು ಎಣಿಸಿತು.

ಜೈನಾಗಮ ಇವೆರಡನ್ನೂ ಎಣಿಸುತ್ತದೆ. ಮೂರನೆಯದಾಗಿ, ಮಾಡುವವನ ಭಾವವನ್ನೂ ಎಣಿಸುತ್ತದೆ. ಮೀನು ಪಂಚೇಂದ್ರಿಯಗಳುಳ್ಳ ಜಲಚರ ತಿರ್ಯಂಚ. ಗಾಳಕ್ಕೆ ಎರೆಹುಳುವನ್ನು ಚುಚ್ಚಿದರೆ ಮೀನಿಗೆ ಮೊದಲೇ ದ್ವೀಂದ್ರಿಯ ಜೀವವೊಂದರ ವಧೆಯಾಗಿರುತ್ತದೆ. ಪ್ರಾಣಗಳು ಹತ್ತು: ಇಂದ್ರಿಯಗಳು ಐದು, ಮನ ವಚನ ಕಾಯಗಳ ಬಲ ಮೂರು, ಆಯುಸ್ಸು ಮತ್ತು ಶ್ವಾಸೋಚ್ಛ್ವಾಸ. ತೂಕಕ್ಕೂ ಚಿತ್ರಕ್ಕೂ ನೀರಿನಿಂದ ಮೇಲೆತ್ತಿದ ಮೀನಿನ ಕಿವಿರುಗಳು ಕುಸಿದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. ಆಯುಸ್ಸು ಉಳಿಯಿತೆಂದು ಶ್ವಾಸಪ್ರಾಣಕ್ಕೆ ಒದಗಿದ ಪೀಡೆಯನ್ನು ಲೆಕ್ಕದಿಂದ ತೆಗೆದುಹಾಕಲಾಗದು.

ಇದಕ್ಕಿಂತ ನೇರವಾದ ಆಧಾರವೂ ಉಂಟು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತವೆಂದೇ ವ್ಯಾಖ್ಯಾನಕಾರರ ಅಭಿಪ್ರಾಯ. ಈ ಐದರಲ್ಲಿ ಯಾವುದಕ್ಕೂ ಜೀವಿ ಸಾಯಲೇಬೇಕೆಂಬ ನಿಬಂಧನೆಯಿಲ್ಲ. ಕಟ್ಟಿಹಾಕುವುದು, ಅಂಗವನ್ನು ಸೀಳುವುದು, ಇವೇ ದೋಷಗಳು. ದಾರದ ತುದಿಯಲ್ಲಿ ಮೀನನ್ನು ಸೆರೆಹಿಡಿಯುವುದು ಬಂಧವಲ್ಲದೆ ಮತ್ತೇನು? ತುಟಿಯನ್ನು ಚುಚ್ಚುವ ಕೊಕ್ಕೆ ಛೇದವಲ್ಲದೆ ಮತ್ತೇನು? "ಕೊಲ್ಲಲಿಲ್ಲವಲ್ಲ" ಎಂಬ ಸಮಾಧಾನವನ್ನು ಸೂತ್ರಕಾರರು ಮೊದಲೇ ಕಂಡಿದ್ದರೋ ಎಂಬಂತೆ ಈ ಪಟ್ಟಿ ಇದೆ. ಆಧುನಿಕ ವಿಜ್ಞಾನವೂ ಈ ದಿಕ್ಕಿಗೆ ಬೆರಳು ತೋರುತ್ತದೆ. 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಟ್ರೌಟ್ ಮೀನಿನ ತುಟಿ ಮತ್ತು ಮುಖದಲ್ಲಿ ಹಾನಿಯನ್ನು ಗ್ರಹಿಸುವ ನರಗ್ರಾಹಕಗಳಿರುವುದನ್ನು ತೋರಿಸಿದರು. ಮೀನಿನ ನೋವು ಮನುಷ್ಯನ ನೋವಿನಂತಹುದೇ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಆದರೆ ಸಂದೇಹವಿದ್ದಲ್ಲಿ ಜೀವಿಯ ಪಕ್ಷಕ್ಕೆ ನಿಲ್ಲುವುದೇ ಶ್ರಾವಕನ ರೀತಿ.

ಇನ್ನು ಭಾವದ ವಿಷಯ. ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಅಡುಗೆಮನೆಯ ಒಲೆಯಲ್ಲಿ, ಹೊಲದ ನೇಗಿಲಿನಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ವಿನೋದದ ಗಾಳದಲ್ಲಿ ಹಸಿವಿಲ್ಲ, ಜೀವನೋಪಾಯವಿಲ್ಲ, ರಕ್ಷಣೆಯ ನೆಪವೂ ಇಲ್ಲ. ಉಳಿದದ್ದು ಸಂಕಲ್ಪವೊಂದೇ. ಪ್ರಯೋಜನವಿಲ್ಲದ ಇಂತಹ ಪಾಪಕ್ಕೆ ಶಾಸ್ತ್ರವು ಅನರ್ಥದಂಡವೆಂದು ಹೆಸರಿಟ್ಟು, ಅದರಿಂದ ನಿವೃತ್ತನಾಗುವುದನ್ನು ಗುಣವ್ರತವಾಗಿ ವಿಧಿಸಿದೆ. ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವ ಹಿಂಸಾದಾನವೂ ಅದರಲ್ಲಿ ಸೇರಿದೆ. ಮಗುವಿನ ಹುಟ್ಟುಹಬ್ಬಕ್ಕೆ ಗಾಳದ ಕೋಲನ್ನು ಉಡುಗೊರೆಯಾಗಿ ಕೊಡುವ ಮುನ್ನ ತಂದೆತಾಯಿಗಳು ಈ ಮಾತನ್ನು ನೆನೆಯಬೇಕು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ರಕ್ತ ಚೆಲ್ಲುವ ಉದ್ದೇಶವಿರಲಿಲ್ಲ. ಆದರೂ ಸಂಕಲ್ಪದ ಫಲವಾಗಿ ಅವನು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಒಂದು ಭವದಲ್ಲಿ ಮೀನಾಗಿ ಹುಟ್ಟಿದನು. ಹಿಟ್ಟಿನ ಕೋಳಿಗೇ ಇಷ್ಟಾದರೆ, ಉಸಿರಾಡುವ ಮೀನಿನೊಡನೆ ಆಡುವ ಆಟಕ್ಕೆ ಎಷ್ಟು?

ಹಿಡಿದು ಬಿಟ್ಟವನ ಕಥೆಯೊಂದು ನಮ್ಮ ಪರಂಪರೆಯಲ್ಲಿಯೇ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಅದು ಮೃಗಸೇನನೆಂಬ ಬೆಸ್ತನ ಕಥೆ. 959ರಲ್ಲಿ ಪೂರ್ಣಗೊಂಡ ಸೋಮದೇವಸೂರಿಗಳ ಯಶಸ್ತಿಲಕದಲ್ಲಿ ಬಂದಿದೆ. ಬಲೆ ಹೊತ್ತು ಹೊರಟಿದ್ದ ಅವನು ಮುನಿಗಳನ್ನು ಕಂಡು, ಬಲೆಗೆ ಮೊದಲು ಬಿದ್ದ ಜೀವವನ್ನು ಕೊಲ್ಲುವುದಿಲ್ಲವೆಂಬ ವ್ರತವನ್ನು ಪಡೆದನು. ಅಂದು ದೊಡ್ಡ ಮೀನೊಂದು ಮೊದಲು ಸಿಕ್ಕಿತು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಅದನ್ನು ಬಿಟ್ಟನು. ಮತ್ತೆ ಮತ್ತೆ ಅದೇ ಮೀನು ಬಲೆಗೆ ಬಿದ್ದಿತು. ಐದು ಬಾರಿ ಬಿಟ್ಟು, ಬರಿಗೈಯಲ್ಲಿ ಮನೆಗೆ ಹೋದನು. ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ವ್ರತದ ಬಲದಿಂದ ಮುಂದಿನ ಭವದಲ್ಲಿ ಐದು ಬಾರಿ ಮೃತ್ಯುಮುಖದಿಂದ ಪಾರಾದನು.

ಮೃಗಸೇನನಿಗೂ ಇಂದಿನ ಹವ್ಯಾಸಿಗೂ ಕೈಯ ಕ್ರಿಯೆ ಒಂದೇ: ಹಿಡಿದರು, ಬಿಟ್ಟರು. ಆದರೆ ಮೃಗಸೇನನು ಬಿಟ್ಟದ್ದು ಆ ದಿನದ ಅನ್ನವನ್ನು. ಹವ್ಯಾಸಿಯು ಏನನ್ನೂ ಬಿಡುವುದಿಲ್ಲ. ಬೇಕಾದ ಸಂತೋಷ ಹಿಡಿದಾಗಲೇ ಅವನಿಗೆ ದೊರೆತಾಗಿದೆ, ಬಿಡುವುದು ಆ ಸಂತೋಷದ ಮುಕ್ತಾಯ ಮಾತ್ರ. ತ್ಯಾಗವಿಲ್ಲದ ಬಿಡುಗಡೆಯನ್ನು ಅಭಯದಾನವೆಂದು ಕರೆಯುವುದು ಆ ಪದಕ್ಕೆ ಮಾಡುವ ಅನ್ಯಾಯ. ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನನ್ನು ಕಂಡು ಮುಖ ತಿರುಗಿಸುವವರು ಸಹ ಈ ಕಥೆಯನ್ನು ನೆನೆಯಬೇಕು. ಅವನ ವೃತ್ತಿ ಶ್ರಾವಕನಿಗೆ ಸಲ್ಲದಿರಬಹುದು. ಆದರೆ ಮುನಿಗಳು ಅವನನ್ನು ದೂರ ತಳ್ಳದೆ, ಅವನು ಹೊರಬಲ್ಲಷ್ಟು ವ್ರತವನ್ನು ಅವನಿಗೆ ಕೊಟ್ಟರು.

ಹಾಗಾದರೆ ನದಿಯ ಕಾವಲಿನ ಪ್ರಶ್ನೆಗೆ ಉತ್ತರವೇನು? ಕಾವಲು ಬೇಕೇ ಬೇಕು. ಅದರ ಬೆಲೆಯನ್ನು ಮೀನಿನ ತುಟಿಯಿಂದ ವಸೂಲು ಮಾಡಬೇಕಾಗಿಲ್ಲ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳನ್ನು ಪ್ರೀತಿಸಬೇಕಾದವರು ಅವುಗಳನ್ನು ಹಿಡಿಯಬೇಕಾಗಿಲ್ಲ. ದೂರದಿಂದ ನೋಡಿದರೆ ಸಾಕು. ವಿನೋದ ನಿಂತರೆ ಕಾವಲೂ ನಿಲ್ಲುತ್ತದೆ ಎಂಬ ವಾದವು ದಯಾವಂತರಿಗೆ ಒಂದು ಸವಾಲು. ಗಾಳವನ್ನು ಬೇಡವೆಂದವರು ಕಾವಲಿನ ಭಾರಕ್ಕೆ ಹೆಗಲು ಕೊಡಬೇಕು. ಕೊಡದಿದ್ದರೆ ಅವರ ಅಹಿಂಸೆ ಬಾಯಿಮಾತಾಗುತ್ತದೆ.

ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ಕೆಲಸವಿದೆ. ಪರ್ವದಿನಗಳಲ್ಲಿ ಜೀವದಯೆಯ ನಿಧಿಯಿಂದ ಮೀನು ಕೊಂಡು ಕೆರೆಗೆ ಬಿಡುವ ಪದ್ಧತಿ ಕೆಲವೆಡೆ ಉಂಟು. ಕೊಳ್ಳುವವರಿದ್ದಾರೆಂದು ತಿಳಿದರೆ ಹಿಡಿಯುವವರು ಹೆಚ್ಚುತ್ತಾರೆ. ಯಾವ ಮೀನೆಂದು ತಿಳಿಯದೆ ಬಿಟ್ಟರೆ, ಕಾವೇರಿಯಲ್ಲಿ ಆದಂತೆ, ಅದೇ ನೀರಿನ ಇತರ ಜೀವಗಳಿಗೆ ಕೇಡಾಗುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಅವನ್ನು ಕೊಂದದ್ದು ಗಾಳವೂ ಅಲ್ಲ, ಬಲೆಯೂ ಅಲ್ಲ. ಕೊಳಚೆಯಿಂದ ಕೆಟ್ಟು ಆಮ್ಲಜನಕ ಕುಂದಿದ ನೀರು. ಆ ಕೊಳಚೆ ಎಲ್ಲರ ಮನೆಗಳಿಂದ ಹರಿದುಹೋಗುವಂತಹದು. ಕೆರೆಗೆ ಸೇರುವ ಕಾಲುವೆಯ ಶುದ್ಧಿಗೆ, ಕಾವಲುಗಾರನ ಸಂಬಳಕ್ಕೆ ಆ ನಿಧಿಯ ಒಂದು ಪಾಲು ಹೋದರೆ, ಯಾರೂ ಹಿಡಿಯದ, ಯಾರೂ ಬಿಡಬೇಕಾಗದ ಅಸಂಖ್ಯ ಜೀವಗಳಿಗೆ ಅಭಯ ದೊರೆಯುತ್ತದೆ.

ತಂದೆಯು ಮಗನಿಗೆ ಹೇಳಬೇಕಾದ ಉತ್ತರವೂ ಇದರಲ್ಲಿಯೇ ಇದೆ. ಸ್ನೇಹಿತರೊಡನೆ ನದಿಗೆ ಹೋಗಬಹುದು. ದಂಡೆಯ ಮೇಲೆ ಕುಳಿತು ನೀರನ್ನೂ ಮೀನನ್ನೂ ನೋಡಬಹುದು. ಕೋಲನ್ನು ಕೈಗೆ ಕೊಟ್ಟಾಗ ವಿನಯದಿಂದ ಬೇಡವೆನ್ನಬೇಕು. ಏಕೆಂದು ಕೇಳಿದರೆ ಮೃಗಸೇನನ ಕಥೆ ಹೇಳಬೇಕು. ಸರ್ಕಾರದ ಅನುಮತಿ ಮನುಷ್ಯನಿಗೆ ದಂಡ ತಪ್ಪಿಸುತ್ತದೆ. ಮೀನಿನ ಅನುಮತಿಯನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಅದು ಏನು ಹೇಳುತ್ತಿತ್ತೆಂಬುದು ಗಾಳದಿಂದ ಬಿಡಿಸಿಕೊಂಡು ಆಳಕ್ಕೆ ಓಡುವ ಅದರ ವೇಗದಲ್ಲಿಯೇ ತಿಳಿಯುತ್ತದೆ.