ಗರ್ಭಿಣಿಯಿರುವ ಮನೆಯಲ್ಲಿ ಗೋಡೆ ಕೆಡಹಬಹುದೆ?



ಯಲಹಂಕದ ಹಳೆಯ ಊರಿನ ಗೃಹಸ್ಥರೊಬ್ಬರು ಒಂದು ಸೋಮವಾರ ಪೂಜೆಯ ತರುವಾಯ ತಮ್ಮ ಮಡದಿ ಹಾಗೂ ಮಗನೊಡನೆ ನಮ್ಮ ಬಳಿಗೆ ಬಂದರು. ಮೂವರ ಮುಖದಲ್ಲಿಯೂ ಸಮಾಧಾನವಿರಲಿಲ್ಲ. ವಿಚಾರಿಸಲಾಗಿ ಸಂಗತಿಯು ಹೊರಬಿದ್ದಿತು. ಅವರದು ಮೂರು ತಲೆಮಾರಿನ ಹಳೆಯ ಮನೆ, ಕಲ್ಲುಚಪ್ಪಡಿಯ ಮಾಳಿಗೆ. ನಡುಗೋಡೆಯನ್ನು ತೆಗೆದು ಹಜಾರವನ್ನು ಹಿಗ್ಗಿಸಿ, ಮೇಲೆ ಎರಡು ಕೋಣೆಗಳನ್ನು ಎಬ್ಬಿಸಬೇಕೆಂಬುದು ಯಜಮಾನರ ಬಹುದಿನದ ಬಯಕೆ. ಅದಕ್ಕಾಗಿ ಸಾಲವೂ ಮಂಜೂರಾಗಿದೆ, ಮೇಸ್ತ್ರಿಗೆ ಮುಂಗಡವೂ ಸಂದಿದೆ. ಆದರೆ ಮನೆಯ ಸೊಸೆ ಚೊಚ್ಚಲು ಬಸುರಿ. ಆಗ ಆರನೆಯ ತಿಂಗಳು.

“ಬಸುರಿ ಇರೋ ಮನೆಯಲ್ಲಿ ಗೋಡೆಗೆ ಹಾರೆ ಹಾಕಬಾರದು, ಒಂದು ಮೊಳೆ ಕೂಡ ಹೊಡೆಯಬಾರದು ಅಂತ ಹಿರಿಯರು ಹೇಳಿದ್ದಾರೆ, ಬುದ್ಧಿ. ಇವರು ಕೇಳೋದೇ ಇಲ್ಲ” ಎಂದರು ಆ ತಾಯಿ.

“ನಾವು ಲಿಂಗವಂತರು, ಬುದ್ಧಿ. ತಿಥಿವಾರ, ದೋಷ ಅಂತ ಕೂತರೆ ಬಸವಣ್ಣನವರ ಹೆಸರು ಹೇಳೋದು ಯಾಕೆ? ನೀವಾದರೂ ಅಮ್ಮನಿಗೆ ಹೇಳಿ” ಎಂದನು ಮಗ.

ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಹೆಬ್ಬಾಳ, ಯಲಹಂಕಗಳ ಕಡೆ ನೆಲದ ಬೆಲೆ ಮುಗಿಲು ಮುಟ್ಟಿದೆ. ಹೊಸ ನಿವೇಶನ ಕೊಳ್ಳಲಾರದ ಸಂಸಾರಸ್ಥರು ಇದ್ದ ಮನೆಯ ಮೇಲೆಯೇ ಮನೆ ಕಟ್ಟುತ್ತಿದ್ದಾರೆ. ಕೂಸು ಬರುವ ವರ್ಷವೇ ಮನೆ ಚಿಕ್ಕದೆಂದು ತೋರುವುದೂ ಸಹಜ. ಆದುದರಿಂದ ಅಂದು ಅವರಿಗೆ ಹೇಳಿದ ಮಾತನ್ನು ಈ ಪತ್ರಿಕೆಯ ಸದ್ಭಕ್ತರೆಲ್ಲರ ಮುಂದೆ ತುಸು ವಿಸ್ತರಿಸಿ ಇಡುತ್ತಿದ್ದೇವೆ.

ಮೊದಲನೆಯದಾಗಿ, ಮಗನ ಮಾತಿನಲ್ಲಿ ತತ್ತ್ವದ ತಪ್ಪಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಲಿಂಗವಂತನ ಅಂಗಳದಿಂದ ಹೊರಗೆ ಹಾಕಿದರು. ಶಿವನು ನೆನೆದ ದಿನವೇ ಸುದಿನ, ಅವನು ನೆಲೆಸಿದ ಎಡೆಯೇ ಸುಕ್ಷೇತ್ರ ಎಂದು ನಂಬಿದವರಿಗೆ ಪಂಚಾಂಗದ ಭಯ ಉಚಿತವಲ್ಲ. ಅಷ್ಟೇ ಅಲ್ಲ, ಗರ್ಭವನ್ನು ಕುರಿತು ನಮ್ಮ ಸಂಪ್ರದಾಯವು ತಳೆದಿರುವ ನಿಲುವು ಭಯದ ನಿಲುವಲ್ಲ, ಗೌರವದ ನಿಲುವು. ಎಂಟನೆಯ ತಿಂಗಳಿನಲ್ಲಿ ಗುರುವು ತಾಯಿಯ ಮೂಲಕ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆಯನ್ನು ಮಾಡುವ ಪದ್ಧತಿ ನಮ್ಮಲ್ಲುಂಟು. ಶಿಶು ಜನಿಸಿದ ಮೇಲೆ ಆ ಲಿಂಗವು ಅದರ ಅಂಗಕ್ಕೆ ಸಲ್ಲುವುದು. ಕಣ್ಣು ಬಿಡುವ ಮುನ್ನವೇ ಭಕ್ತಸಮೂಹಕ್ಕೆ ಸೇರಿದ ಜೀವವದು. ಮೊಳೆ ಹೊಡೆದ ಮಾತ್ರಕ್ಕೆ ಅದರ ಭಾಗ್ಯವು ಬಿರಿಯಿತೆನ್ನುವುದು ಶಿವಾಚಾರಕ್ಕೆ ಹೊಂದದ ಮಾತು.

ಇಷ್ಟನ್ನು ಕೇಳಿ ಮಗನು ಗೆದ್ದವನಂತೆ ತಾಯಿಯ ಕಡೆ ನೋಡಿದನು. ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ಬಹಳ ಹೊತ್ತಿನ ಮೇಲೆ ಮೆಲ್ಲನೆ ಹೇಳಿದರು: “ಇವನಿಗಿಂತ ಮುಂಚೆ ನನಗೊಂದು ಏಳು ತಿಂಗಳಿಗೆ ಹೋಯಿತು, ಬುದ್ಧಿ. ಆಗ ಮನೆಯ ಹಿಂದಿನ ಮಾಳಿಗೆ ಬಿಚ್ಚಿ ಹಾಕಿದ್ದರು. ಮಣ್ಣು ಹೊತ್ತಿದ್ದೆ, ನೀರು ಸೇದಿದ್ದೆ. ಯಾರಿಗೂ ಹೇಳಲಿಲ್ಲ.” ಮಗನಿಗೆ ಈ ಸಂಗತಿಯೇ ತಿಳಿದಿರಲಿಲ್ಲ. ಅವನು ತಲೆ ತಗ್ಗಿಸಿದನು.

ಬಂಧುಗಳೆ, ಇಲ್ಲಿ ನಾವು ನಿಂತು ಯೋಚಿಸಬೇಕು. ಮೂಢನಂಬಿಕೆಯೆಂದು ನಾವು ತಳ್ಳಿಹಾಕುವ ಮಾತಿನ ಅಡಿಯಲ್ಲಿ ಎಷ್ಟೋ ವೇಳೆ ಹೇಳಿಕೊಳ್ಳಲಾಗದ ಒಂದು ದುಃಖವು ಹುದುಗಿರುತ್ತದೆ. ಆ ಮಾತನ್ನು ಒಪ್ಪಬೇಕಾಗಿಲ್ಲ. ಆದರೆ ಆ ದುಃಖವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ನಾವು ಆ ತಾಯಿಗೆ ಹೇಳಿದೆವು: “ತಾಯಿ, ಆ ಕೂಸು ಏತಕ್ಕೆ ಉಳಿಯಲಿಲ್ಲವೆಂಬುದನ್ನು ಇಂದು ಯಾವ ವೈದ್ಯನೂ ನಿಶ್ಚಯಿಸಲಾರ. ಗೋಡೆ ಒಡೆದ ದೋಷವದಲ್ಲ, ನಿನ್ನ ತಪ್ಪಂತೂ ಅಲ್ಲವೇ ಅಲ್ಲ. ಈ ಭಾರವನ್ನು ಇಷ್ಟು ವರ್ಷ ಒಬ್ಬಳೇ ಹೊತ್ತೆಯಲ್ಲ, ಇನ್ನು ಇಳಿಸು.” ವಿಚಾರವಂತನಾದ ಮಗನು ತಾಯಿಯ ಭಯವನ್ನು ಜಯಿಸಬೇಕಾದುದು ವಾದದಿಂದಲ್ಲ, ಸೊಸೆಯ ರಕ್ಷಣೆಗೆ ತಾನು ಏನೇನು ಏರ್ಪಾಡು ಮಾಡಿದ್ದೇನೆಂಬುದನ್ನು ತೋರಿಸುವುದರಿಂದ.

ಎರಡನೆಯದಾಗಿ, ದೋಷವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಾಗದು. ಕಲ್ಲುಮಣ್ಣಿನ ಗುಡಿಗಿಂತ ಉಸಿರಾಡುವ ಶರೀರವನ್ನೇ ಶಿವನ ನೆಲೆಯೆಂದು ಕಂಡವರು ಬಸವಣ್ಣನವರು. ಸ್ಥಾವರಕ್ಕೆ ಅಳಿವುಂಟು, ಜಂಗಮವು ಅಳಿಯದೆಂಬುದು ಅವರ ಉಪದೇಶದ ತಿರುಳು. ಹಾಗಾದರೆ ಗರ್ಭಿಣಿಯ ಶರೀರವು ಗುಡಿಯೊಳಗೊಂದು ಗುಡಿಯಲ್ಲವೆ? ಮನೆಯೆಂಬ ಸ್ಥಾವರದ ಸೊಗಸಿಗಾಗಿ ಆ ಜಂಗಮಕ್ಕೆ ನೋವುಂಟುಮಾಡುವುದು ಬಸವತತ್ತ್ವವನ್ನು ತಲೆಕೆಳಗು ಮಾಡಿದಂತೆ.

ಪಂಚಾಂಗದಲ್ಲಿ ಬರೆಯದ, ಆದರೆ ನಿಜವಾದ ದೋಷಗಳು ಕೆಲವುಂಟು. ಒಂದನೆಯದು ಧೂಳು. ಹಳೆಯ ಮನೆಗಳ ಬಾಗಿಲು ಕಿಟಕಿಗಳಿಗೆ ಬಳಿದ ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಕೆರೆದರೆ ಆ ಪುಡಿಯು ಉಸಿರಿನ ಮೂಲಕವೂ ಕೈ ಬಾಯಿಗಳ ಮೂಲಕವೂ ಒಡಲನ್ನು ಸೇರುತ್ತದೆ. ತಾಯಿಯ ರಕ್ತದಲ್ಲಿ ಬೆರೆತ ಸೀಸವು ಮಾಸನ್ನು ದಾಟಿ ಶಿಶುವನ್ನು ಮುಟ್ಟುತ್ತದೆ. ಬೆಳೆಯುವ ಮಿದುಳಿಗೆ ಅದು ವಿಷ. ಇಷ್ಟು ಪ್ರಮಾಣದಲ್ಲಿದ್ದರೆ ಕ್ಷೇಮವೆಂದು ಹೇಳುವಂತಿಲ್ಲವೆಂಬುದು ವೈದ್ಯಶಾಸ್ತ್ರದ ಇಂದಿನ ನಿರ್ಣಯ. ಎರಡನೆಯದು ನಿಂತ ನೀರು. ಹೊಸ ಗಾರೆಗೆ ಉಣಿಸಲೆಂದು ಪೀಪಾಯಿ ತೊಟ್ಟಿಗಳಲ್ಲಿ ತುಂಬಿಟ್ಟ ತಿಳಿನೀರಿನಲ್ಲಿಯೇ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುತ್ತದೆ. ಎಂಟು ಹತ್ತು ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗುತ್ತದೆ. ಗರ್ಭಿಣಿಗೆ ಆ ಜ್ವರವು ಬಹಳ ಕೆಟ್ಟುದು. ವಾರಕ್ಕೊಮ್ಮೆ ನೀರನ್ನು ಚೆಲ್ಲಿ, ತೊಟ್ಟಿಯನ್ನು ಉಜ್ಜಿ ಒಣಗಿಸಿ, ಮುಚ್ಚಿಡುವುದು ಯಾವ ಶಾಂತಿಕರ್ಮಕ್ಕಿಂತಲೂ ಮಿಗಿಲು. ಇನ್ನುಳಿದವು ಎಡವುವ ಜಲ್ಲಿರಾಶಿ, ಹಗಲೆಲ್ಲ ಯಂತ್ರದ ಸದ್ದು, ಕೆಡುವ ನಿದ್ದೆ. ಹಿರಿಯರ ನಿಷೇಧದಲ್ಲಿ ಯಾವ ಅನುಭವವಿದ್ದಿತೋ ತಿಳಿಯದು. ಆದರೆ ಇಷ್ಟನ್ನು ಬಲ್ಲ ನಾವು ಅವರಿಗಿಂತ ಹೆಚ್ಚು ಎಚ್ಚರದಿಂದಿರಬೇಕಾದುದು ನ್ಯಾಯ.

ಆಗ ನಾವು ಒಂದು ಪ್ರಶ್ನೆಯನ್ನು ಕೇಳಿದೆವು: “ಈ ವಿಷಯದಲ್ಲಿ ಆ ಹೆಣ್ಣುಮಗಳು ಏನನ್ನುತ್ತಾಳೆ?” ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಯಾರೂ ಅವಳನ್ನು ಕೇಳಿರಲಿಲ್ಲ! ಗಂಡುಹೆಣ್ಣೆಂಬ ಭೇದವನ್ನು ಅನುಭವಮಂಟಪದ ಹೊಸ್ತಿಲಲ್ಲೇ ಬಿಟ್ಟ ಶರಣರ ಸಂತತಿಯ ಮನೆಯಲ್ಲಿ, ಒಡಲು ಯಾರದೋ ಅವಳನ್ನೇ ಬಿಟ್ಟು ತಿಂಗಳುಗಟ್ಟಲೆ ಚರ್ಚೆ ನಡೆದಿತ್ತು. ಮರುವಾರ ಅವಳೂ ಬಂದಳು. ಕೇಳಿದ್ದಕ್ಕೆ, “ನನಗೆ ದೊಡ್ಡ ಕೋಣೆ ಬೇಡ, ಬುದ್ಧಿ. ಗಾಳಿ ಬರುವ ಒಂದು ಕಿಟಕಿ ಬೇಕು. ಅಡಿಗೆಮನೆಯ ಹೊಗೆ ಹೊರಗೆ ಹೋಗಬೇಕು. ರಾತ್ರಿ ಎದ್ದರೆ ಬಚ್ಚಲಿಗೆ ಅಂಗಳ ದಾಟಿ ಹೋಗಬೇಕಾಗಿದೆ, ಜಾರುತ್ತೆ” ಎಂದಳು. ನೋಡಿದಿರಾ! ಮಾವನ ಎರಡು ಅಂತಸ್ತಿನ ನಕ್ಷೆಯಲ್ಲಿ ಈ ಮೂರೂ ಇರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೀವೆಲ್ಲ ಬಲ್ಲಿರಿ. ಮಾರಯ್ಯನು ದಿನದ ಕಾಯಕಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿದ ಮಹಾತಾಯಿ ಆಕೆ. ಅಗತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ಅಳೆಯುವ ಮೊರ ಆಕೆಯ ಕೈಯಲ್ಲಿತ್ತು. ಮನೆ ಕಟ್ಟುವವರು ಆ ಮೊರವನ್ನು ಒಮ್ಮೆ ಕೈಗೆ ತೆಗೆದುಕೊಳ್ಳಬೇಕು. ಬರುವ ಕೂಸು ಬೇಡುವುದು ತೊಟ್ಟಿಲಿನಷ್ಟು ಜಾಗವನ್ನು, ತಾಯಿಯ ಆರೋಗ್ಯವನ್ನು, ಸಾಲದ ಚಿಂತೆಯಿಲ್ಲದ ತಂದೆಯ ಮುಖವನ್ನು. ಎರಡನೆಯ ಅಂತಸ್ತನ್ನು ಅದು ಬೇಡುವುದಿಲ್ಲ; ನಾವು ಅದರ ಹೆಸರಿನಲ್ಲಿ ಬೇಡುತ್ತೇವೆ.

ಕಡೆಗೆ ಆ ಮನೆಯವರು ಒಂದು ನಿರ್ಣಯಕ್ಕೆ ಬಂದರು. ಚೊಚ್ಚಲು ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮಲ್ಲಿ ರೂಢಿಯಷ್ಟೆ. ಅವಳು ಹೊರಟ ಮೇಲೆಯೇ ಕೆಲಸ ಆರಂಭಿಸುವುದು. ಕಿಟಕಿ, ಬಚ್ಚಲು, ಅಡಿಗೆಮನೆ ಇಷ್ಟನ್ನು ಮಾತ್ರ ಮಾಡುವುದು. ಹಳೆಯ ಬಣ್ಣವನ್ನು ಒದ್ದೆಮಾಡಿ ಕೆರೆಯುವುದು. ಬಾಣಂತಿಯೂ ಕೂಸೂ ಬರುವುದಕ್ಕೆ ಬಹು ಮುಂಚೆ ಗೋಡೆ ಒಣಗಿ, ಬಣ್ಣದ ವಾಸನೆ ಹೋಗಿ, ಮನೆ ತೊಳೆದು ಸಿದ್ಧವಾಗಿರುವುದು. ಅತ್ತೆಯ ಮನಸ್ಸೂ ತಿಳಿಯಾಯಿತು. ಇಲ್ಲಿಗೇ ಈ ಉಪನ್ಯಾಸವನ್ನು ಮುಗಿಸಬಹುದಾಗಿತ್ತು.

ಆದರೆ ಇನ್ನೊಂದು ಮಾತುಂಟು, ಅದೇ ಮುಖ್ಯವಾದುದು.

ಕೆಲಸ ನಡೆಯುತ್ತಿದ್ದಾಗ ಆ ಬೀದಿಯಲ್ಲಿ ಹೋಗುವ ಸಂದರ್ಭ ಒದಗಿ ನಾವೂ ಒಳಗೆ ಹೋಗಿ ನೋಡಿದೆವು. ಒಡೆದ ಗೋಡೆಯ ಮಣ್ಣನ್ನು ಹೆಣ್ಣಾಳೊಬ್ಬಳು ತಲೆಯ ಮೇಲೆ ಸಿಂಬೆಯಿಟ್ಟು ಹೊರಗೆ ಸಾಗಿಸುತ್ತಿದ್ದಳು. ಮುಖಕ್ಕೆ ಸೆರಗು ಬಿಗಿದಿದ್ದಳು. ನಡಿಗೆಯಲ್ಲಿಯೇ ತಿಳಿಯಿತು: ಅವಳಿಗೂ ಐದಾರು ತಿಂಗಳು. ಯಾವ ಊರು ತಾಯಿ ಎಂದರೆ ಯಾದಗಿರಿಯ ಕಡೆ ಎಂದಳು. ಮಳೆ ಹೋದ ವರ್ಷ ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ರೈಲು ಹತ್ತಿ, ಯಲಹಂಕ ಯಶವಂತಪುರಗಳ ನಿಲ್ದಾಣಗಳಲ್ಲಿ ಮುಂಜಾನೆ ಗಂಟುಮೂಟೆಯೊಡನೆ ಇಳಿಯುವ ಸಂಸಾರಗಳನ್ನು ನೀವೂ ಕಂಡಿರಬಹುದು. 2019ರಲ್ಲಿ ಸರ್ಕಾರವು ‘ಕಲ್ಯಾಣ ಕರ್ನಾಟಕ’ವೆಂದು ಹೆಸರಿಟ್ಟ ನಾಡು ಅದು, ಬಸವಣ್ಣನವರ ಕಲ್ಯಾಣವಿದ್ದ ನಾಡು!

ಬಂಧುಗಳೆ, ಗರ್ಭಿಣಿಗೆ ಗೋಡೆ ಒಡೆಯುವ ದೋಷ ತಟ್ಟುವುದಾದರೆ ಇವಳಿಗೆ ಅದು ತಟ್ಟುವುದಿಲ್ಲವೆ? ಧೂಳಿಗೆ ಮನೆಯ ಸೊಸೆ ಯಾರು, ಕೂಲಿಯವಳು ಯಾರು ಎಂಬ ಅರಿವುಂಟೆ? ನಮ್ಮ ಮನೆಯ ಗರ್ಭವನ್ನು ತವರಿಗೆ ಕಳುಹಿ, ಇನ್ನೊಂದು ಗರ್ಭದ ತಲೆಯ ಮೇಲೆ ಅದೇ ಮಣ್ಣನ್ನು ಹೊರಿಸಿದರೆ ನಾವು ಅಪಾಯವನ್ನು ನಿವಾರಿಸಿದಂತಾಗಲಿಲ್ಲ. ಬಡವರ ಒಡಲಿಗೆ ವರ್ಗಾಯಿಸಿದಂತಾಯಿತು. ಧರ್ಮದ ಬೇರು ಕರುಣೆಯಲ್ಲಿದೆಯೆಂಬುದು ಶರಣರ ಸಿದ್ಧಾಂತ. ನಮ್ಮವರ ಮೇಲೆ ಮಾತ್ರ ಹರಿಯುವುದು ಕರುಣೆಯಲ್ಲ, ಮಮಕಾರ.

ಹಾಗೆಂದು ಅವಳನ್ನು ಕೆಲಸದಿಂದ ಬಿಡಿಸಿ ಕಳುಹಿದರೆ ಕರುಣೆಯಾಗದು. ಅಂದಿನ ಅಂಬಲಿಯೂ ತಪ್ಪುತ್ತದೆ. ಇದನ್ನೇ ಆ ಯಜಮಾನರೊಡನೆ ಆಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಉತ್ತರ ಕೊಡುವ ಮೊದಲೇ ಅವರ ಮಡದಿ ಎದ್ದು ಹೋಗಿ, ಆ ಹೆಣ್ಣುಮಗಳ ತಲೆಯ ಮೇಲಿನ ಬಾಂಡಲಿಯನ್ನು ತಾವೇ ಇಳಿಸಿ ನೆರಳಿನಲ್ಲಿ ಕೂರಿಸಿದರು. “ನಾನೂ ಹೀಗೇ ಹೊತ್ತಿದ್ದೆ ಕಣವ್ವ” ಎಂದಷ್ಟೇ ಹೇಳಿದರು. ಆ ದಿನದಿಂದ ಅವಳಿಗೆ ಧೂಳಿಲ್ಲದ ಹಗುರ ಕೆಲಸ, ಅದೇ ಕೂಲಿ, ಮಧ್ಯಾಹ್ನ ಮನೆಯವರೊಡನೆ ಊಟ.

ಮನೆ ಕಟ್ಟಿಸುವ ಪ್ರತಿಯೊಬ್ಬ ಭಕ್ತನೂ ಇಷ್ಟನ್ನು ಮಾಡಬಲ್ಲನು. ಆಳುಗಳಲ್ಲಿ ಗರ್ಭಿಣಿಯರಿರುವರೆ ಎಂದು ಮೇಸ್ತ್ರಿಯನ್ನು ಮೊದಲ ದಿನವೇ ಕೇಳಿರಿ. ಅವಳಿಗೆ ತಾಯಿ ಕಾರ್ಡು ಆಗಿದೆಯೆ ವಿಚಾರಿಸಿರಿ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಆ ದಿನದ ಕೂಲಿಯನ್ನು ಕತ್ತರಿಸದೆ ಕಳುಹಿರಿ. ಕಟ್ಟಡ ಕಾರ್ಮಿಕರಿಗಾಗಿ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೊಂದಿದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅಲ್ಲಿ ಹೆಸರು ನೋಂದಾಯಿಸಬಹುದು. ನೋಂದಾಯಿತ ಹೆಂಗಸರಿಗೆ ಹೆರಿಗೆಯ ಸಹಾಯಧನವೂ ಉಂಟು. ಓದು ಬಾರದ ಅವಳಿಗೆ ಅರ್ಜಿಯನ್ನು ಬರೆದುಕೊಡುವುದು ನಿಮ್ಮ ಮಗನಿಗೆ ಅರ್ಧ ಗಂಟೆಯ ಕೆಲಸ. ದಾಸೋಹವೆಂದರೆ ಎಲೆ ಹಾಕಿ ಬಡಿಸುವುದೊಂದೇ ಅಲ್ಲ, ಇದೂ ದಾಸೋಹ.

ಗೃಹಪ್ರವೇಶದ ದಿನ ಜಂಗಮರನ್ನು ಕರೆದು ಪಾದಪೂಜೆ ಮಾಡುತ್ತೀರಿ, ಪ್ರಸಾದ ಸಲ್ಲಿಸುತ್ತೀರಿ, ಮಾಡಬೇಕಾದುದೇ. ಆದರೆ ಶಿವನು ಅದಕ್ಕೂ ಮೊದಲೇ, ಗೋಡೆಗೆ ಮೊದಲ ಹಾರೆ ಬಿದ್ದ ದಿನವೇ, ನಿಮ್ಮ ಮನೆಗೆ ಬಂದಿರುತ್ತಾನೆ. ಯಾರ ತಲೆಯ ಮೇಲೆ ಎಷ್ಟು ಭಾರವಿದೆಯೆಂದು ನೋಡುತ್ತಿರುತ್ತಾನೆ. ಆದುದರಿಂದ ಗರ್ಭಿಣಿಯಿರುವ ಮನೆಯಲ್ಲಿ ಗೋಡೆ ಕೆಡಹಬಹುದೆ ಎಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ತಿಥಿಗೆ ಅಂಜಬೇಡಿ, ಧೂಳಿಗೆ ಅಂಜಿರಿ, ಬಸುರಿಯ ಮಾತನ್ನು ಕೇಳಿ ಅಳತೆ ಹಾಕಿರಿ, ನಿಮ್ಮ ಹೊಸ್ತಿಲ ಒಳಗಿನ ಗರ್ಭಕ್ಕೆ ಯಾವ ಆರೈಕೆಯನ್ನು ಬಯಸುವಿರೋ ಹೊಸ್ತಿಲ ಹೊರಗಿನ ಗರ್ಭಕ್ಕೂ ಅದನ್ನೇ ಸಲ್ಲಿಸಿರಿ. ಆಗ ಕೆಡಹಿದ ಗೋಡೆಯೂ ಸಾರ್ಥಕ, ಕಟ್ಟಿದ ಮನೆಯೂ ಮಹಾಮನೆ.