ಕುದುರೆಮರಿಯ ವಿನಯ

ಬೆನ್ನ ಮೇಲೆ ಜೀನು ಬೀಳುವುದಕ್ಕೆ ಎಷ್ಟೋ ಮೊದಲೇ ಕುದುರೆಮರಿಯು ನೆಲದ ಮೇಲಿನ ನಡತೆಯನ್ನು ಕಲಿಯಬೇಕು. ಹಗ್ಗ ಹಿಡಿದವನ ಪಕ್ಕದಲ್ಲಿ ನಡೆಯುವುದು, ಕಟ್ಟಿದಲ್ಲಿ ನಿಲ್ಲುವುದು, ಲಾಳ ಹೊಡೆಯುವವನಿಗೆ ಕಾಲು ಕೊಡುವುದು, ಮನುಷ್ಯನ ಮೈಮೇಲೆ ಬೀಳದಿರುವುದು, ಇವನ್ನೇ ನಾವು ಅದರ ವಿನಯವೆನ್ನುತ್ತೇವೆ. ಆದರೆ ಭಯದಿಂದ ನಿಂತ ಪ್ರಾಣಿಗೂ ವಿನಯದಿಂದ ನಿಂತ ಪ್ರಾಣಿಗೂ ಹೊರನೋಟಕ್ಕೆ ಭೇದ ಕಾಣದು. ಹಾಗಿರುವಾಗ ತಾನು ಕಲಿಸಿದ್ದು ಯಾವುದೆಂದು ಕಲಿಸಿದವನು ಅರಿಯುವುದು ಹೇಗೆ?

ಶಹಾಬಾದಿನಲ್ಲಿ ಟಾಂಗಾಗಳು ಓಡಾಡುತ್ತಿದ್ದ ಕಾಲ. ನಮ್ಮ ಓಣಿಯ ಟಾಂಗಾದ ಹಿರಿಯರೊಬ್ಬರ ಅಂಗಳದಲ್ಲಿ ಒಂದು ಮರಿಯಿತ್ತು. ಹುಡುಗರಾದ ನಾವು ಅಂಗೈಯಲ್ಲಿ ಬೆಲ್ಲವಿಟ್ಟು ತಿನ್ನಿಸುತ್ತಿದ್ದೆವು. ಅದು ಅಂಗಿಯ ಕಿಸೆಯನ್ನು ಮೂಸಿ ತೋಳನ್ನು ಹಲ್ಲಿನಿಂದ ಜಗ್ಗುವುದು. ನಾವು ನಕ್ಕು ಮತ್ತೆ ಬೆಲ್ಲ ಕೊಡುವುದು. ವರ್ಷ ತುಂಬುವಷ್ಟರಲ್ಲಿ ಆ ಜಗ್ಗಾಟವೇ ಕಡಿತವಾಗಿ, ಒಂದು ದಿನ ನನ್ನ ತಮ್ಮನ ಭುಜದ ಮೇಲೆ ಹಲ್ಲು ಮೂಡಿದವು. ನಾನು ಓಡಿಹೋಗಿ ಕೋಲು ತಂದು ಮರಿಯನ್ನು ಬಾರಿಸಿದೆ. ಹಿರಿಯರು ಕೋಲನ್ನು ಕಸಿದುಕೊಂಡು, "ತಮ್ಮಾ, ಕಚ್ಚಾದು ಅದಕ್ಕ ನೀವೇ ಕಲಿಸೀರಿ. ಈಗ ಹೊಡೆಯಾದು ಯಾರಿಗಿ?" ಎಂದರು.

ಕಡಿತಕ್ಕೂ ಕೋಲು ತರುವುದಕ್ಕೂ ನಡುವೆ ಕಳೆದ ಹೊತ್ತು ಮನುಷ್ಯನಿಗೆ ಅಲ್ಪ. ಕುದುರೆಗೆ ಅದು ಬೇರೆಯೇ ಘಟನೆ. ತಡವಾಗಿ ಬಿದ್ದ ಪೆಟ್ಟನ್ನು ತನ್ನ ತಪ್ಪಿನೊಡನೆ ಕೂಡಿಸಿ ನೋಡುವ ಶಕ್ತಿ ಅದಕ್ಕಿಲ್ಲ. ಅದು ಕಲಿಯುವುದು ಪೆಟ್ಟಿನಿಂದಲ್ಲ, ಬಿಡುವಿನಿಂದ. ಹಗ್ಗವನ್ನು ತುಸು ಎಳೆದು, ಮರಿಯು ಒಂದು ಹೆಜ್ಜೆ ಇಟ್ಟ ಕ್ಷಣವೇ ಸಡಿಲಿಸಿದರೆ ಅದಕ್ಕೆ ಅರ್ಥವಾಗುತ್ತದೆ. ಹೆಜ್ಜೆಯಿಟ್ಟ ಮೇಲೂ ಎಳೆಯುತ್ತಲೇ ಇದ್ದರೆ, ಮಾತು ಕೇಳಿ ಫಲವಿಲ್ಲವೆಂಬುದೇ ಅದಕ್ಕೆ ದೊರೆತ ಪಾಠ. (ಮನೆಯ ಮಕ್ಕಳ ವಿಷಯದಲ್ಲಿ ನಾವು ಎಷ್ಟು ಸಲ ಹೀಗೆ ಎಳೆಯುತ್ತಲೇ ಇರುತ್ತೇವೆ!)

ಹಾಗೆಂದು ಕಟ್ಟುಪಾಡೇ ಬೇಡವೆನ್ನುವುದು ಕರುಣೆಯಲ್ಲ. ಮುನ್ನೂರು ಕಿಲೋ ಮೀರಿ ಬೆಳೆದ ಪ್ರಾಣಿಯ ತುಂಟತನ ಪ್ರಾಣಕ್ಕೆ ಎರವಾದೀತು. ಕಚ್ಚುವ ಕುದುರೆಯನ್ನು ಯಾರೂ ಇಟ್ಟುಕೊಳ್ಳರು, ಅದು ಕೈಯಿಂದ ಕೈಗೆ ಮಾರಿಹೋಗಿ ಹೋದಲ್ಲೆಲ್ಲ ಏಟು ತಿನ್ನುತ್ತದೆ. ನಮ್ಮ ಬೆಲ್ಲವೂ ಒಂದು ಬಗೆಯ ಕ್ರೌರ್ಯವೇ ಆಗಿತ್ತು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸ್ ದೇಶದ ಝೆನೊಫೋನನು ಅಶ್ವವಿದ್ಯೆಯನ್ನು ಕುರಿತು ಬರೆಯುತ್ತ, ಮರಿಯನ್ನು ಪಳಗಿಸುವವನ ಕೈಗೆ ಒಪ್ಪಿಸುವ ಮೊದಲೇ ಅದು ಸೌಮ್ಯವಾಗಿ, ಮನುಷ್ಯರನ್ನು ಪ್ರೀತಿಸುವಂತಾಗಿರಬೇಕು, ಆ ಹೊಣೆ ಮನೆಯವರದು ಎಂದು ವಿಧಿಸಿದ್ದಾನೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ 12ನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅಶ್ವಗಳ ವಿಷಯಕ್ಕೆ ಸ್ಥಳವಿತ್ತಿದ್ದಾನೆ.

ಹಿರಿಯರು ಮರಿಯನ್ನು ಮತ್ತೆ ಮೊದಲಿನಿಂದ ಕಲಿಸತೊಡಗಿದರು. ನಮ್ಮೂರ ನುಣುಪು ಹಾಸುಗಲ್ಲಿನ ಮೇಲೆ ಬೆದರಿದ ಮರಿ ಜಾರಿ ಬಿದ್ದೀತೆಂದು ಮಣ್ಣಿನ ನೆಲಕ್ಕೆ ಒಯ್ಯುವರು. ಹಿಂದಿನಿಂದ ಸದ್ದಿಲ್ಲದೆ ಎಂದೂ ಹೋಗರು, ಕುದುರೆಗೆ ತನ್ನ ಬೆನ್ನ ಹಿಂದಿನದು ಕಾಣದಷ್ಟೆ. ಬಾಯಿ ಹಾಕಿದ ಕ್ಷಣ ಮೊಳಕೈಯಿಂದ ಮೋರೆಯನ್ನು ದೂರ ಸರಿಸುವರು. ಸುಮ್ಮನೆ ನಿಂತಾಗ ಹೆಗಲ ಮೇಲಿನ ಏರನ್ನು ತುರಿಸುವರು. ಕೆಲವು ತಿಂಗಳಲ್ಲಿ ಕಚ್ಚುವುದು ನಿಂತಿತು. ಅಂಗಳದಲ್ಲಿ ಅದು ನನ್ನ ಮುಂದೆಯೂ ಅವರ ಮುಂದೆಯೂ ಒಂದೇ ರೀತಿ ಮೌನವಾಗಿ ನಿಲ್ಲುತ್ತಿತ್ತು. ಆದರೆ ಟೊಪ್ಪಿಗೆ ಸರಿಪಡಿಸಿಕೊಳ್ಳಲು ನಾನು ಕೈಯೆತ್ತಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಅವರು ಕೈಯೆತ್ತಿದರೆ ತಲೆ ತಗ್ಗಿಸಿ ಹತ್ತಿರ ಬರುತ್ತಿತ್ತು.