ನಮಗಾಗಿ ಹಾಡದ ಹಾಡು

ದೇವರನ್ನು ಕುರಿತು ಹಾಡಿದ ಹಾಡನ್ನು ಪಕ್ಕದಲ್ಲಿ ನಿಂತ ಮನುಷ್ಯ ಕೇಳಿ ಸಂತೋಷಪಡುವುದು ಸರಿಯೆ? ಒಬ್ಬರಿಗೆ ಬರೆದ ಕಾಗದವನ್ನು ಮತ್ತೊಬ್ಬರು ಒಡೆದು ಓದಿದಂತೆ ಆಗುವುದಿಲ್ಲವೆ? ಮೈಸೂರಿನಂಥ ಊರಿನಲ್ಲಿ ಈ ಪ್ರಶ್ನೆಯನ್ನೆತ್ತಿದರೆ ಜನ ನಕ್ಕಾರು. ನಮ್ಮ ಸಂಗೀತದಲ್ಲಿ ಬಹುಭಾಗ ದೇವರ ಹಾಡೇ. ಕೇಳುವವರು ಮಾತ್ರ ನಾವು. ತ್ಯಾಗರಾಜರು ರಾಮನ ಮುಂದೆ ತೋಡಿಕೊಂಡ ದುಃಖಕ್ಕೆ ನಾವು ತಲೆದೂಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಹೋದ ವರ್ಷದ ವಿದ್ವಾಂಸರಿಗಿಂತ ಈ ವರ್ಷದವರ ದುಃಖ ಚೆನ್ನಾಗಿತ್ತು ಎಂದು ಮನೆಗೆ ಹೋಗುತ್ತಾ ಮಾತಾಡಿಕೊಳ್ಳುತ್ತೇವೆ. ಇದರಲ್ಲಿ ವಿಚಿತ್ರವೇನೂ ನಮಗೆ ತೋರುವುದಿಲ್ಲ. ಅಭ್ಯಾಸವಾದದ್ದರಲ್ಲಿ ವಿಚಿತ್ರ ತೋರದಿರುವುದೇ ಲೋಕದ ರೀತಿ. ಅದು ತೋರಬೇಕಾದರೆ ನಮ್ಮದಲ್ಲದ ಒಂದು ಹಾಡನ್ನು ಕೇಳಬೇಕು. ಅದಕ್ಕೆ ಬಹುದೂರ ಹೋಗಬೇಕಾದದ್ದಿಲ್ಲ. ಹುಣಸೂರಿನವರೆಗೆ ಹೋದರೆ ಸಾಕು.

ಟಿಬೆಟಿನವರು ಎಂದರೆ ನಮ್ಮ ಊರಿನ ಅನೇಕರಿಗೆ ಚಳಿಗಾಲದಲ್ಲಿ ಸ್ವೆಟರು ಮಾರುವವರು. ಮಕ್ಕಳಿರುವ ಮನೆಯವರಿಗೆ ರಜೆಯಲ್ಲಿ ನೋಡಿಬರುವ ಬೈಲುಕುಪ್ಪೆಯ ಚಿನ್ನದ ದೇವಾಲಯ. ಅವರ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. 1959ರಲ್ಲಿ ದಲೈ ಲಾಮಾ ಅವರು ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಆಗಿನ ಮೈಸೂರು ರಾಜ್ಯದ ಸರ್ಕಾರ ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕೊಟ್ಟಿತು. ಹಿಮದ ನಾಡಿನವರು ಪಿರಿಯಾಪಟ್ಟಣದ ಸೀಮೆಯಲ್ಲಿ ಕಾಡು ಕಡಿದು ಜೋಳ ಬಿತ್ತಿದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹೀಗೆ ವಸತಿಗಳಾದವು. ಹುಣಸೂರು ತಾಲ್ಲೂಕಿನ ಗುರುಪುರದ ವಸತಿಗೆ 1970ರ ದಶಕದಲ್ಲಿ ಗ್ಯೂಮೆ ಎಂಬ ತಾಂತ್ರಿಕ ಮಠ ಬಂದು ನೆಲೆಸಿತು. ಇದು ಹೊಸ ಮಠವಲ್ಲ. ತ್ಸೋಂಗ್‌ಖಾಪ ಎಂಬ ಮಹಾಗುರುವಿನ ಶಿಷ್ಯ ಶೆರಬ್ ಸೆಂಗೆ 1433ರಲ್ಲಿ ಟಿಬೆಟಿನಲ್ಲಿ ಸ್ಥಾಪಿಸಿದ್ದು. ಅದರ ಸೋದರಮಠವಾದ ಗ್ಯೂತೊ ಈಗ ಧರ್ಮಶಾಲೆಯ ಹತ್ತಿರ ಇದೆ. ಈ ಎರಡು ಮಠಗಳ ಭಿಕ್ಷುಗಳ ಮಂತ್ರಗಾನಕ್ಕೆ ಸಮನಾದದ್ದು ಬೇರೆಲ್ಲಿಯೂ ಸಿಗುವುದು ಕಷ್ಟ.

ಆ ಗಾನವನ್ನು ಬರಹದಲ್ಲಿ ವರ್ಣಿಸುವುದು ಸುಲಭವಲ್ಲ. ಸಾಲುಸಾಲಾಗಿ ಕುಳಿತ ಭಿಕ್ಷುಗಳು ಮನುಷ್ಯಕಂಠದಿಂದ ಬರುವುದೆಂದು ನಂಬಲಾಗದಷ್ಟು ಕೆಳಗಿನ ಸ್ಥಾಯಿಯಲ್ಲಿ ಒಂದೇ ನಾದವನ್ನು ಹಿಡಿಯುತ್ತಾರೆ. ಕಿವಿ ಸ್ವಲ್ಪ ಹದಕ್ಕೆ ಬಂದ ಮೇಲೆ ಆ ಗಂಭೀರನಾದದ ಮೇಲೆ, ಬಹಳ ಎತ್ತರದಲ್ಲಿ, ಯಾರೂ ಹಾಡದ ಇನ್ನೊಂದು ಸ್ವರ ತೇಲುತ್ತಿರುವುದು ಕೇಳಿಸುತ್ತದೆ. ಅಮೆರಿಕದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಗ್ಯೂತೊ ಮಠದವರ ಗಾನವನ್ನು ಕೇಳಿ ಬೆರಗಾಗಿ ಧ್ವನಿಮುದ್ರಿಸಿಕೊಂಡು ಹೋದರು. ಧ್ವನಿವಿಜ್ಞಾನ ಬಲ್ಲ ಇಬ್ಬರ ಜೊತೆ ಸೇರಿ 1967ರಲ್ಲಿ ಅದರ ಮೇಲೆ ಪ್ರಬಂಧವನ್ನೂ ಪ್ರಕಟಿಸಿದರು. ಒಂದು ನಾದದೊಳಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಸೂಕ್ಷ್ಮನಾದಗಳು ಯಾವಾಗಲೂ ಅಡಗಿರುತ್ತವೆ. ಭಿಕ್ಷು ಬಾಯಿ, ಗಂಟಲುಗಳ ಆಕಾರವನ್ನು ಹದಗೊಳಿಸಿ ಅವುಗಳಲ್ಲಿ ಒಂದನ್ನು ಎತ್ತಿ ತೋರಿಸುತ್ತಾನೆ. ಹೆಚ್ಚಾಗಿ ಎದ್ದು ಕೇಳುವುದು ಐದನೆಯದು, ಹತ್ತನೆಯದು.

ಐದನೆಯದು ಎಂದರೆ ನಮ್ಮ ಲೆಕ್ಕದಲ್ಲಿ ಅಂತರಗಾಂಧಾರ. ಇಲ್ಲಿ ಮೈಸೂರಿನ ಓದುಗರಿಗೆ ತಂಬೂರಿಯ ನೆನಪಾಗದೆ ಇರದು. ತಂಬೂರಿಗೆ ಗಾಂಧಾರದ ತಂತಿಯಿಲ್ಲ. ಆದರೂ ಜೀವಾಳಿ ಸರಿಯಾಗಿ ಕೂತು ಶ್ರುತಿ ಶುದ್ಧವಾಗಿ ಸೇರಿದಾಗ ಮಂದ್ರಷಡ್ಜದ ತಂತಿಯಿಂದ ಗಾಂಧಾರ ತಾನಾಗಿ ಮೂಡುತ್ತದೆ. ಅದನ್ನು ನಮ್ಮವರು ಸ್ವಯಂಭೂ ಗಾಂಧಾರ ಎಂದರು. ಹುಣಸೂರಿನ ಭಿಕ್ಷುವಿಗೂ ನಮ್ಮ ವಿದ್ವಾಂಸರಿಗೂ ರಾಗತಾಳಗಳಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ನಾದದ ಆಳದಲ್ಲಿ ಇಬ್ಬರಿಗೂ ಒದಗುವ ಸ್ವರ ಒಂದೇ.

ಕೆಲವು ವರ್ಷಗಳ ಹಿಂದೆ ಸಂಗೀತರಸಿಕರಾದ ಮಿತ್ರರೊಬ್ಬರ ಜೊತೆ ಹುಣಸೂರಿನ ಕಡೆ ಹೋಗಿ ಭಿಕ್ಷುಗಳ ಬೆಳಗಿನ ಪ್ರಾರ್ಥನೆಯನ್ನು ಬಾಗಿಲ ಬಳಿ ಕುಳಿತು ಕೇಳಿದ್ದೆ. ಮಿತ್ರರು ಅರ್ಧಗಂಟೆ ಸುಮ್ಮನಿದ್ದು, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಅಲ್ಲ ಸ್ವಾಮಿ, ಇದು ಶುರುವಾಗುವುದು ಯಾವಾಗ?" ಎಂದರು. ಆಲಾಪನೆ ಮುಗಿದು ಪಲ್ಲವಿ ಎತ್ತಿಯಾರು ಎಂದು ಅವರು ಕಾಯುತ್ತಿದ್ದರು. ನಡುವೆ ಎಳೆಯ ಭಿಕ್ಷುಗಳು ದೊಡ್ಡ ಕೆಟಲುಗಳನ್ನು ಹಿಡಿದು ಓಡಿಬಂದು ಎಲ್ಲರಿಗೂ ಚಹಾ ಬಗ್ಗಿಸಿದರು. ಭಿಕ್ಷುಗಳು ಕುಳಿತಲ್ಲೇ ಕುಡಿದು ಮತ್ತೆ ಮುಂದುವರಿಸಿದರು. ನಮ್ಮ ಮಿತ್ರರಿಗೆ ಇದೂ ಸರಿಬರಲಿಲ್ಲ. ನಮ್ಮ ಸಭೆಗಳಲ್ಲಿ ತನಿ ಆವರ್ತನಕ್ಕೆ ಸರಿಯಾಗಿ ಕಾಫಿಗೆ ಎದ್ದುಹೋಗುವವರಲ್ಲಿ ಅವರೂ ಒಬ್ಬರೆಂಬುದನ್ನು ನಾನು ಜ್ಞಾಪಿಸಲಿಲ್ಲ.

ಅವರ ಪ್ರಶ್ನೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಕಛೇರಿ ಶುರುವಾಗುವುದು ಶ್ರೋತೃಗಳಿಗಾಗಿ. ಅಲ್ಲಿ ಶ್ರೋತೃಗಳೇ ಇರಲಿಲ್ಲ. ನಾವಿಬ್ಬರೂ ಲೆಕ್ಕಕ್ಕೆ ಇಲ್ಲ. ನಾವು ಬಂದೆವೆಂದು ಅವರು ಚೆನ್ನಾಗಿ ಹಾಡಲಿಲ್ಲ, ಎದ್ದುಹೋದೆವೆಂದು ನಿಲ್ಲಿಸಲೂ ಇಲ್ಲ. ಮುಂದಾಳು ಎತ್ತಿಕೊಟ್ಟ ನಾದದೊಳಗೆ ಒಬ್ಬೊಬ್ಬರ ಕಂಠವೂ ಕರಗಿಹೋಗಿತ್ತು. ಯಾರ ಧ್ವನಿ ಉತ್ತಮವೆಂದು ಹೇಳುವುದಕ್ಕೆ ದಾರಿಯೇ ಇರಲಿಲ್ಲ. ಹೊಗಳಿಕೆಗೆ ಅವಕಾಶವಿಲ್ಲದ ಕಡೆ ರಸಿಕನಾದವನು ಏನು ಮಾಡಬೇಕು?

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: "ಇದೇನು ದೊಡ್ಡ ಮಾತು? ಕೀರ್ತನೆಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ದೇವರ ಮನೆಯಿಂದ ಸಭೆಗೆ ಬಂತು. ಬಂದದ್ದರಿಂದ ಕೆಟ್ಟದ್ದೇನಾಯಿತು?" ನ್ಯಾಯವಾದ ಆಕ್ಷೇಪ. ಬಿಡಾರಂ ಕೃಷ್ಣಪ್ಪನವರು ನಮ್ಮ ಊರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದಾಗ ಅದು ರಾಮನ ಗುಡಿಯೂ ಆಯಿತು, ಕಛೇರಿಯ ಮನೆಯೂ ಆಯಿತು. ಆ ಮಹನೀಯರಿಗೆ ಇವೆರಡರ ನಡುವೆ ಗೋಡೆ ಕಾಣಲಿಲ್ಲ. ಇನ್ನೂ ಒಂದು ಮಾತಿದೆ, ಅದು ಹೆಚ್ಚು ಭಾರವಾದದ್ದು. ದೇವರ ಹಾಡು ಗುಡಿಯೊಳಗೇ ಇದ್ದ ಕಾಲದಲ್ಲಿ ಗುಡಿಯ ಬಾಗಿಲು ಎಷ್ಟು ಜನಕ್ಕೆ ತೆರೆದಿತ್ತು? ಹುಟ್ಟಿನ ಕಾರಣದಿಂದ ಹೊರಗೆ ನಿಂತವರಿಗೆ ಆ ಹಾಡನ್ನು ಕೊಟ್ಟದ್ದರಲ್ಲಿ ಸಭೆಯ ಪಾಲೂ ಇದೆ, ರೇಡಿಯೋದ ಪಾಲೂ ಇದೆ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದಾಗ, ಜಾತಿ ಕೇಳಿ ಒಳಗೆ ಬಿಡುವ ದ್ವಾರಪಾಲಕ ಅದಕ್ಕೆ ಇರಲಿಲ್ಲ. ಈಗಲೂ ಒಂಟಿಕೊಪ್ಪಲಿನ ಎಂಟನೆಯ ಅಡ್ಡರಸ್ತೆಯಲ್ಲಿ ಗಣೇಶೋತ್ಸವದ ಕಛೇರಿ ನಡೆಯುವಾಗ ಬೀದಿಯಲ್ಲಿ ಹೋಗುವವನು ನಿಂತು ಕೇಳಬಹುದು. ಪವಿತ್ರವಾದದ್ದನ್ನು ಬಚ್ಚಿಡುವುದೇ ಶ್ರೇಷ್ಠ ಎನ್ನುವವರು ಈ ಇತಿಹಾಸಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆದುದರಿಂದ ಬಾಗಿಲು ಮುಚ್ಚಿರುವುದೊಂದನ್ನೇ ನೋಡಿದರೆ ಸಾಲದು. ಯಾವ ಕಾರಣಕ್ಕೆ ಮುಚ್ಚಿದೆ ಎಂಬುದನ್ನೂ ನೋಡಬೇಕು. ಗುಹ್ಯಸಮಾಜ, ಚಕ್ರಸಂವರ, ವಜ್ರಭೈರವ ಎಂಬ ತಂತ್ರಗಳ ಸಾಧನೆ ದೀಕ್ಷೆಯಿಲ್ಲದವರಿಗಲ್ಲ ಎಂದು ಆ ಸಂಪ್ರದಾಯ ಹೇಳುತ್ತದೆ. ಈ ನಿಯಮ ಸಾಧನೆಯನ್ನು ಕೇಳುತ್ತದೆ, ಕುಲವನ್ನು ಕೇಳುವುದಿಲ್ಲ. ವೈದ್ಯ ಕಲಿಯದವನ ಕೈಗೆ ಕತ್ತಿ ಕೊಡದಿರುವುದು ಬೇರೆ. ಇಂಥವನ ಮಗನಾದ್ದರಿಂದ ವೈದ್ಯಶಾಲೆಗೇ ಬರಕೂಡದು ಎನ್ನುವುದು ಬೇರೆ. ಮೊದಲನೆಯದಕ್ಕೆ ನಾವು ತಲೆಬಾಗಬಹುದು, ಎರಡನೆಯದಕ್ಕೆ ಬಾಗಬಾರದು. ಹಾಗೆಂದು ಹುಣಸೂರಿನವರೆಲ್ಲ ಈ ದೋಷದಿಂದ ದೂರ ಎನ್ನಲಾರೆ. ಆ ಸಾಲುಗಳಲ್ಲಿ ಕುಳಿತವರೆಲ್ಲ ಗಂಡಸರೇ. ಅವರ ಸಂಪ್ರದಾಯದಲ್ಲಿ ಶಾಸ್ತ್ರದ ಅತ್ಯುನ್ನತ ಪದವಿ ಭಿಕ್ಷುಣಿಯರಿಗೆ ದೊರೆಯಲು 2016ರವರೆಗೆ ಕಾಯಬೇಕಾಯಿತು. ಆ ವರ್ಷ ಮುಂಡಗೋಡಿನಲ್ಲಿ, ನಮ್ಮ ಕರ್ನಾಟಕದ ನೆಲದಲ್ಲೇ, ಇಪ್ಪತ್ತು ಮಂದಿ ಭಿಕ್ಷುಣಿಯರು ಅದನ್ನು ಪಡೆದರು. ಹುಟ್ಟಿನ ಬೇಲಿ ಎಲ್ಲ ಮಠಗಳಲ್ಲೂ ಒಂದೊಂದು ರೂಪದಲ್ಲಿ ಇರುತ್ತದೆ. ಅದನ್ನು ಕಿತ್ತುಹಾಕುವ ಕೆಲಸ ಒಳಗಿನವರದು.

ಈ ಗಾನ ವೇದಿಕೆಗೆ ಬರಲೇ ಇಲ್ಲವೆಂದಲ್ಲ. 1980ರ ದಶಕದಲ್ಲಿ ಗ್ಯೂತೊ ಭಿಕ್ಷುಗಳು ಅಮೆರಿಕದ ಸಭಾಂಗಣಗಳಲ್ಲಿ ಕುಳಿತರು. ರಾಕ್ ಸಂಗೀತದ ತಾಳವಾದ್ಯಗಾರ ಮಿಕಿ ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಹೊರತಂದರು. ಇದನ್ನು ಕಂಡು ಮೂಗುಮುರಿಯುವವರುಂಟು. ನಾನು ಮುರಿಯಲಾರೆ. ನೆಲ ಕಳೆದುಕೊಂಡವನು ತಾನು ಇನ್ನೂ ಇದ್ದೇನೆ ಎಂದು ಲೋಕಕ್ಕೆ ಹೇಳಬೇಕಾಗುತ್ತದೆ; ಮಠದ ಒಲೆಯೂ ಉರಿಯಬೇಕಾಗುತ್ತದೆ. ಆದರೆ ಒಂದು ಭೇದವನ್ನು ನಾವು ಮರೆಯಬಾರದು. ಧ್ವನಿಮುದ್ರಿಕೆಯಲ್ಲಿ ನಾದ ಉಳಿಯುತ್ತದೆ. ಹಾಡು ಉಳಿಯುವುದು, ಹದಿಹರೆಯದ ಹುಡುಗನೊಬ್ಬ ಎಷ್ಟೋ ವರ್ಷ ಹಿರಿಯನ ಪಕ್ಕದಲ್ಲಿ ಕುಳಿತು, ಗಂಟಲು ಒಡೆದುಕೊಂಡು, ಸೊಟ್ಟಗೆರೆಗಳ ಆ ಲಿಪಿಯನ್ನು ಓದಲು ಕಲಿತು, ಪ್ರತಿ ಮುಂಜಾನೆ ಎದ್ದು ಕೂತಾಗ ಮಾತ್ರ. ಕೇಳುವವರು ಕೋಟಿ ಜನವಿದ್ದು ಆ ಹುಡುಗ ಇಲ್ಲದೆ ಹೋದರೆ, ಹಾಡು ಹೋಯಿತೆಂದೇ ಅರ್ಥ. ನಮ್ಮ ಸಂಗೀತಕ್ಕೂ ಈ ಮಾತು ಸಲ್ಲುತ್ತದೆ.

ಆತಿಥೇಯರಾದ ನಮಗೆ ಇನ್ನೊಂದು ಪ್ರಲೋಭನೆ ಕಾದಿದೆ. ಆ ತಂತ್ರಗಳು ಮೂಲತಃ ಸಂಸ್ಕೃತದವು. ಇಲ್ಲಿಂದ ಹಿಮಾಲಯ ದಾಟಿ ಹೋಗಿ, ಸಾವಿರ ವರ್ಷದ ಸುಮಾರಿಗೆ ಹಿಂದಿರುಗಿ ನಮ್ಮ ಜಿಲ್ಲೆಗೇ ಬಂದಿವೆ. "ನೋಡಿ, ಎಲ್ಲ ನಮ್ಮದೇ" ಎಂದು ಎದೆ ಉಬ್ಬಿಸುವುದು ಸುಲಭ. ಆದರೆ ನಾವು ಮರೆತದ್ದನ್ನು ಅವರು ನಲವತ್ತು ತಲೆಮಾರು ಬಾಯಿಂದ ಬಾಯಿಗೆ ಕಾಪಾಡಿದರು. ಮಗುವನ್ನು ಸಾಕಿದ ತಾಯಿಯ ಮುಂದೆ ನಿಂತು ಇದು ನಮ್ಮ ಮನೆತನದ ಕೂಸು ಎಂದರೆ ಯಾರು ಒಪ್ಪಿಯಾರು? ಭೂಮಿ ಕೊಟ್ಟೆವೆಂಬುದೂ ಹಾಗೆಯೇ. ಮೂರು ಸಾವಿರ ಎಕರೆ ಕೊಟ್ಟದ್ದು ಈ ರಾಜ್ಯಕ್ಕೆ ಹೆಮ್ಮೆಯ ವಿಷಯ. ಆದರೆ ನೆಲ ಕೊಟ್ಟವನಿಗೆ ಬಾಡಿಗೆದಾರನ ಪ್ರಾರ್ಥನೆಯ ಮೇಲೆ ಹಕ್ಕು ಬರುವುದಿಲ್ಲ.

ಹಾಗಾದರೆ ಕೇಳಬಾರದೆ? ಖಂಡಿತ ಕೇಳಬೇಕು. ನೆರೆಮನೆಯ ಪೂಜೆಯ ಗಂಟೆ ನಮ್ಮ ಕಿವಿಗೆ ಬೀಳುವುದು ತಪ್ಪಲ್ಲ. ಅದನ್ನು ಕೇಳಿ ನಮ್ಮ ಮನಸ್ಸು ಒಂದು ಗಳಿಗೆ ತಣ್ಣಗಾದರೆ ಅದೂ ತಪ್ಪಲ್ಲ. ಕೇಳುವವನ ಧರ್ಮ ಇಷ್ಟೇ ಎಂದು ನನಗೆ ತೋರುತ್ತದೆ: ಇದು ನನ್ನನ್ನು ಉದ್ದೇಶಿಸಿದ್ದಲ್ಲ ಎಂಬ ಅರಿವಿನಿಂದ ಕೇಳುವುದು, ಅದು ನನಗೆ ತಕ್ಕಂತೆ ಬದಲಾಗಲಿ ಎಂದು ಬಯಸದಿರುವುದು, ಸಿಕ್ಕಿದ್ದಕ್ಕೆ ಕೃತಜ್ಞನಾಗಿರುವುದು. ಕೀರ್ತನೆಯ ಮುಂದೆ ಕೂತಾಗಲೂ ಈ ಧರ್ಮವನ್ನು ಸ್ವಲ್ಪವಾದರೂ ನೆನೆಯಬಹುದು. ತ್ಯಾಗರಾಜರಾಗಲಿ ಪುರಂದರದಾಸರಾಗಲಿ ಕಣ್ಣೆತ್ತಿ ನೋಡುತ್ತಿದ್ದುದು ಮುಂದಿನ ಸಾಲಿನ ಕುರ್ಚಿಗಳನ್ನಲ್ಲ.

ತಂಬೂರಿಯ ಗಾಂಧಾರವನ್ನು ಯಾರೂ ಮೀಟುವುದಿಲ್ಲ. ಮೀಟಿ ಪಡೆಯುತ್ತೇನೆಂದರೆ ಅದಕ್ಕೆ ತಂತಿಯೂ ಇಲ್ಲ. ಉಳಿದ ತಂತಿಗಳು ತಮ್ಮ ತಮ್ಮ ಶ್ರುತಿಯಲ್ಲಿ ನಿಂತಾಗ ಅದು ಹತ್ತಿರದಲ್ಲಿದ್ದವನ ಕಿವಿಗೆ ಒದಗುತ್ತದೆ. ಬೇರೆಯವರ ಪ್ರಾರ್ಥನೆಯಿಂದ ನಮಗೆ ದೊರೆಯುವ ಸಮಾಧಾನವೂ ಅಂಥದೇ. ಅವರು ತಮ್ಮ ಕೆಲಸದಲ್ಲಿ ನಿಷ್ಠರಾಗಿರಲಿ. ನಾವು ಸುಮ್ಮನೆ ಹತ್ತಿರದಲ್ಲಿರೋಣ.